ಮೊದಲು ಭರತ-ಇಳಿತದ ಪಟ್ಟಿ ಕೊಳ್ಳಿ

ಪ್ರವಾಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಐದು ಸ್ಕಾಟ್ಲೆಂಡಿನ ಒಂದೇ ಕರಾವಳಿಯ ಬಗ್ಗೆ ಇವೆ. ಎಡಿನ್‌ಬರೋದ ಎದುರು ದಡದಲ್ಲಿ, ಫೋರ್ತ್ ಕೊಲ್ಲಿಯ ಉತ್ತರಕ್ಕಿರುವ ಫೈಫ್ ಸೀಮೆಯ ಮೂಲೆ ಅದು. ಅಲ್ಲಿನವರು 'ಈಸ್ಟ್ ನ್ಯೂಕ್' ಎನ್ನುತ್ತಾರೆ. ನ್ಯೂಕ್ ಎಂದರೆ ಮೂಲೆಯೇ. ಈಲಿ, ಸೇಂಟ್ ಮೋನನ್ಸ್, ಪಿಟನ್‌ವೀಮ್, ಆನ್‌ಸ್ಟ್ರಥರ್, ಕ್ರೇಲ್ ಎಂಬ ಮೀನುಗಾರರ ಊರುಗಳು ಅಲ್ಲಿ ಒಂದರ ಪಕ್ಕ ಒಂದು ಕೂತಿವೆ. ಎಲ್ಲ ಪತ್ರಗಳಿಗೂ ಒಟ್ಟಿಗೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನನ್ನ ತಂಗಿ ಎಡಿನ್‌ಬರೋದಲ್ಲಿ ಕೆಲಸದಲ್ಲಿದ್ದಾಳೆ. ಜುಲೈ ಮೊದಲ ವಾರ ಪಿಟನ್‌ವೀಮ್ ಎಂಬ ಊರಿನಲ್ಲಿ ಏಳು ದಿನಕ್ಕೆ ಕಾಟೇಜ್ ಹಿಡಿದಿದ್ದಾಳೆ. ನಾನು, ಹತ್ತು ವರ್ಷದ ಮಗ ಮತ್ತು ಎಪ್ಪತ್ತೊಂದು ವರ್ಷದ ಅತ್ತೆ ಹೋಗುತ್ತಿದ್ದೇವೆ. ಅತ್ತೆಗೆ ಮಂಡಿನೋವು. 'ಎರಡು ದಿನದಲ್ಲಿ ಊರು ನೋಡಿ ಮುಗಿಯುತ್ತದೆ, ಆಮೇಲೆ ಬೇಸರ' ಎಂದು ಹೋಗಿ ಬಂದವರು ಹೇಳುತ್ತಾರೆ. ಏಳು ದಿನ ಏನು ಮಾಡಬಹುದು?
– ಓದುಗರು, ಮೈಸೂರು

ಉತ್ತರ: ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ಯಜಮಾನರ ಕೆಲಸದ ನಿಮಿತ್ತ ನಾವು ಹನ್ನೊಂದು ವರ್ಷ ಡಂಡೀಯಲ್ಲಿದ್ದೆವು. ಮಗನಿಗೆ ಬೇಸಿಗೆ ರಜೆ ಬಂದಾಗಲೆಲ್ಲ ಈ ಊರುಗಳಲ್ಲೇ ಯಾವುದಾದರೊಂದು ಮನೆ ಹಿಡಿಯುತ್ತಿದ್ದೆವು. ಒಂದು ವಾರ ಸಾಲಲಿಲ್ಲ ಎಂದು ಪ್ರತಿ ಸಲವೂ ಅನ್ನಿಸಿದೆ.

ಕಾಟೇಜಿನಲ್ಲಿ ಪೆಟ್ಟಿಗೆ ಇಳಿಸಿದ ಕೂಡಲೇ ಮಾಡಬೇಕಾದ ಕೆಲಸ ಒಂದಿದೆ. ಬಂದರಿನ ಬಳಿಯ ಅಂಗಡಿಯಲ್ಲಿ ಭರತ-ಇಳಿತದ ಪುಟ್ಟ ಪುಸ್ತಕ ಸಿಗುತ್ತದೆ, ಕೊಳ್ಳಿ. ನಾನು ಹುಟ್ಟಿದ್ದು ಮಲ್ಪೆಯ ಪಕ್ಕದಲ್ಲಿ. ಅಲ್ಲಿ ಭರತಕ್ಕೂ ಇಳಿತಕ್ಕೂ ಒಂದು, ಒಂದೂವರೆ ಮೀಟರ್ ಅಂತರ. ಸಮುದ್ರ ಅಷ್ಟೇನೂ ಜಾಗ ಬದಲಿಸುವುದಿಲ್ಲ. ಫೈಫ್‌ನಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಈ ಅಂತರ ಐದು ಮೀಟರ್ ಹತ್ತಿರ ಹೋಗುತ್ತದೆ. ಬೆಳಗ್ಗೆ ಬಂದರಿನಲ್ಲಿ ತೇಲುತ್ತಿದ್ದ ದೋಣಿ ಮಧ್ಯಾಹ್ನ ಕೆಸರಿನ ಮೇಲೆ ಮಗ್ಗುಲಾಗಿ ಮಲಗಿರುತ್ತದೆ. ಬೆಳಗ್ಗೆ ಬರೀ ಮರಳು ಇದ್ದ ಜಾಗದಲ್ಲಿ ಸಂಜೆ ಆಳು ಮುಳುಗುವ ನೀರು. ಹಾಗಾಗಿ ಸೋಮವಾರ ಇದು, ಮಂಗಳವಾರ ಅದು ಎಂದು ಮೈಸೂರಿನಲ್ಲೇ ಬರೆದಿಟ್ಟುಕೊಂಡು ಹೋಗಬೇಡಿ. ನೀರು ಇಳಿಯುವ ಹೊತ್ತನ್ನು ದಡದ ಕೆಲಸಗಳಿಗೆ, ಏರುವ ಹೊತ್ತನ್ನು ಊಟಕ್ಕೆ, ಊರು ಸುತ್ತುವುದಕ್ಕೆ ಇಟ್ಟುಕೊಳ್ಳಿ. ಇಳಿತದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಏಳು ದಿನದಲ್ಲಿ ನಿಮ್ಮ ದಿನಚರಿ ತಾನಾಗಿಯೇ ಏಳು ಬಗೆಯದಾಗುತ್ತದೆ.

ಆ ಪುಸ್ತಕದ ಮೊದಲ ಪುಟ ಓದದೆ ಪಟ್ಟಿ ತೆರೆಯಬೇಡಿ. ಕೆಲವು ಪಟ್ಟಿಗಳು ಗ್ರೀನಿಚ್ ಸಮಯದಲ್ಲಿರುತ್ತವೆ, ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ ನಾವೇ ಒಂದು ಗಂಟೆ ಸೇರಿಸಬೇಕು. ಕೆಲವರು ಸೇರಿಸಿಯೇ ಅಚ್ಚು ಹಾಕಿರುತ್ತಾರೆ. ನಮ್ಮ ಎರಡನೆಯ ಬೇಸಿಗೆಯಲ್ಲಿ ಸೇರಿಸಿದ್ದ ಪಟ್ಟಿಗೆ ನಾನು ಇನ್ನೊಂದು ಗಂಟೆ ಸೇರಿಸಿದೆ. ಆರು ಗಂಟೆಗೆ ಇದ್ದ ಭರತವನ್ನು ಏಳು ಎಂದು ಲೆಕ್ಕ ಹಾಕಿ, ಏಳು ವರ್ಷದ ಮಗನ ಕೈ ಹಿಡಿದು ಈಲಿಯಿಂದ ಸೇಂಟ್ ಮೋನನ್ಸ್ ಕಡೆಗೆ ದಡದ ಕಾಲುದಾರಿಯಲ್ಲಿ ಹೊರಟೆ. ದಾರಿಯಲ್ಲಿ ನ್ಯೂಅರ್ಕ್ ಕೋಟೆಯ ಪಾಳುಗೋಡೆ, ಅದರಾಚೆ ಜೇನುಗೂಡಿನಂತಿರುವ ಪಾರಿವಾಳದ ಗೂಡು. ಅಲ್ಲಿ ಕೂತು ಬಿಸ್ಕತ್ತು ತಿಂದೆವು. ಸೇಂಟ್ ಮೋನನ್ಸ್ ಚರ್ಚಿನ ಕೆಳಗೆ ಬರುವಷ್ಟರಲ್ಲಿ ಐದು ದಾಟಿತ್ತು. ಅಲೆ ಗೋಡೆಯ ಬುಡಕ್ಕೆ ಬಡಿಯುತ್ತಿತ್ತು, ನಡೆಯಬೇಕಿದ್ದ ಕಲ್ಲುಹಾಸು ಕಾಣಿಸುತ್ತಲೇ ಇರಲಿಲ್ಲ. ಮಗನ ಶೂ ಒದ್ದೆಯಾದ ಮೇಲೆಯೇ ನನಗೆ ಬುದ್ಧಿ ಬಂದಿದ್ದು. ಮೇಲಿನಿಂದ ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಹಿರಿಯರೊಬ್ಬರು ಕೂಗಿ, ಹಿಂದಕ್ಕೆ ಬರಲು ಹೇಳಿ, ಭರತದ ಹೊತ್ತಿಗೆಂದೇ ಇರುವ ಮೇಲಿನ ದಾರಿಯನ್ನು ತೋರಿಸಿದರು. ಕಡಲ ಪಕ್ಕ ಹುಟ್ಟಿದವಳು ಎಂಬ ನಂಬಿಕೆ ಬೇರೆ ಕಡಲಿನ ಮುಂದೆ ನಡೆಯುವುದಿಲ್ಲ ಎಂದು ಅಂದು ನನ್ನ ಮನಸ್ಸಿಗೆ ನಾಟಿತು.

ಮೇ ದ್ವೀಪಕ್ಕೆ ಒಂದು ದಿನ ಎತ್ತಿಡಿ. ನಿಮ್ಮ ಮಗನಿಗೆ ಇಡೀ ಪ್ರವಾಸದಲ್ಲಿ ನೆನಪಿರುವುದು ಇದೇ ಎಂದು ನನಗನ್ನಿಸುತ್ತದೆ. ಆನ್‌ಸ್ಟ್ರಥರ್ ಬಂದರಿನಿಂದ ದೋಣಿ ಹೊರಡುತ್ತದೆ. ಬಂದರು ಇಳಿತಕ್ಕೆ ಒಣಗುವುದರಿಂದ ಹೊರಡುವ ಸಮಯವೂ ನೀರನ್ನು ನೋಡಿಕೊಂಡೇ ಇರುತ್ತದೆ. ಈಗಲೇ ಟಿಕೆಟ್ ಕಾದಿರಿಸಿ. ಎರಡು ಕಿಲೋಮೀಟರಿಗಿಂತ ಕಡಿಮೆ ಉದ್ದದ ಆ ದ್ವೀಪದಲ್ಲಿ ಹತ್ತಾರು ಸಾವಿರ ಜೋಡಿ ಪಫಿನ್ ಹಕ್ಕಿಗಳು ನೆಲದಲ್ಲಿ ಬಿಲ ತೋಡಿ ಮರಿ ಮಾಡುತ್ತವೆ. ಕಪ್ಪು ಬೆನ್ನು, ಬಿಳಿ ಎದೆ, ಕಿತ್ತಳೆ ಕಾಲು, ಕೊಕ್ಕಿನಲ್ಲಿ ಅಡ್ಡಡ್ಡ ಜೋಡಿಸಿಕೊಂಡ ಬೆಳ್ಳಿಯಂಥ ಮೀನುಗಳು. ಜುಲೈ ಕೊನೆಯಿಂದ ಅವು ಸಮುದ್ರಕ್ಕೆ ಹೊರಟುಬಿಡುತ್ತವೆ, ನೀವು ಹೋಗುವ ವಾರ ಒಳ್ಳೆಯದು. ಹಾಕಿದ ದಾರಿ ಬಿಟ್ಟು ಕಾಲಿಟ್ಟರೆ ಬಿಲ ಕುಸಿದು ಮರಿ ಸಾಯುತ್ತದೆ, ಮಗನಿಗೆ ಮೊದಲೇ ಹೇಳಿರಿ. ದೋಣಿ ಇಳಿಯುವ ಕಡೆ ಆರ್ಕ್ಟಿಕ್ ಟರ್ನ್ ಎಂಬ ಹಕ್ಕಿಗಳು ಗೂಡು ಕಾಯುತ್ತ ತಲೆಗೆ ಕುಟುಕುತ್ತವೆ. ಟೋಪಿ ಇರಲಿ, ಕೈ ತಲೆಯ ಮೇಲೆ ಎತ್ತಿ ಹಿಡಿದು ನಡೆಯಲಿ. ತಿನ್ನುವುದಕ್ಕೆ ಅಲ್ಲಿ ಏನೂ ಸಿಗುವುದಿಲ್ಲ, ಬುತ್ತಿ ಕಟ್ಟಿಕೊಳ್ಳಿ.

ದ್ವೀಪದ ಎತ್ತರದಲ್ಲಿ ಎರಡು ದೀಪಸ್ತಂಭಗಳನ್ನು ನೋಡುತ್ತೀರಿ. ಕೋಟೆಯಂತಿರುವುದು ರಾಬರ್ಟ್ ಸ್ಟೀವನ್‌ಸನ್ 1816ರಲ್ಲಿ ಕಟ್ಟಿಸಿದ್ದು. ಅದರ ಪಕ್ಕದ ಮೋಟು ಗೋಪುರ 1636ರದು, ಸ್ಕಾಟ್ಲೆಂಡಿನ ಮೊದಲ ದೀಪಸ್ತಂಭ. ಮೇಲೆ ಕಬ್ಬಿಣದ ಬುಟ್ಟಿಯಲ್ಲಿ ರಾತ್ರಿಯಿಡೀ ಕಲ್ಲಿದ್ದಲು ಉರಿಸುತ್ತಿದ್ದರು. 1791ರಲ್ಲಿ ಆ ಬೆಂಕಿಯ ಬೂದಿರಾಶಿಯ ಹೊಗೆ ಕಾವಲುಗಾರನ ಮನೆಗೆ ನುಗ್ಗಿ ಗಂಡ, ಹೆಂಡತಿ, ಐದು ಮಕ್ಕಳು ಸತ್ತರು. ಒಂದು ಹಸುಗೂಸು ಉಳಿಯಿತು. ಆ ಮೋಟು ಗೋಪುರದ ಮುಂದೆ ಒಂದು ನಿಮಿಷ ನಿಲ್ಲಿ.

ಈಲಿಯ 'ರೂಬಿ ಬೇ' ಎಂಬ ಕೊಲ್ಲಿಗೆ ಇಳಿತದ ಹೊತ್ತಿನಲ್ಲಿ ಹೋಗಬೇಕು. ಸುಮಾರು 30 ಕೋಟಿ ವರ್ಷಗಳ ಹಿಂದೆ ಅಲ್ಲೊಂದು ಜ್ವಾಲಾಮುಖಿಯ ಕೊಳವೆ ಇತ್ತು. ಭೂಮಿಯ ಆಳದಿಂದ ಅದು ಹೊತ್ತು ತಂದ ಗಾರ್ನೆಟ್ ಹರಳುಗಳು ಇಂದಿಗೂ ಬಂಡೆ ಸವೆದಂತೆ ಮರಳಿಗೆ ಉದುರುತ್ತಿವೆ. 'ಈಲಿಯ ಮಾಣಿಕ್ಯ' ಎಂಬ ಹೆಸರಿದ್ದರೂ ಮಾಣಿಕ್ಯವಲ್ಲ. ಹುಡುಕುವ ಕ್ರಮ ಹೇಳುತ್ತೇನೆ. ನೀರು ಇಳಿದು ಹೋದ ಗೆರೆಯ ಮೇಲೆ, ನುಣುಪು ಮರಳು ಬಿಟ್ಟು ದಪ್ಪ ಹರಳು ಮರಳು ಇರುವ ಕಡೆ ಮಂಡಿಯೂರಿ ಕೂರಿ. ಬಿಸಿಲು ಎದುರಿಗಿರಲಿ. ಗಾರ್ನೆಟ್ ಸಾಮಾನ್ಯ ಮರಳಿಗಿಂತ ಭಾರ, ಆದ್ದರಿಂದ ಅಲೆ ಅದನ್ನು ಬಂಡೆಯ ಸಂದಿನಲ್ಲಿ, ಕಪ್ಪು ಮರಳಿನ ಪಟ್ಟೆಯಲ್ಲಿ ಬಿಟ್ಟು ಹೋಗುತ್ತದೆ. ಕಾಲು ಗಂಟೆ ಏನೂ ಕಾಣುವುದಿಲ್ಲ, ಬರೀ ಚಿಪ್ಪಿನ ಚೂರು, ಹಸಿರು ಗಾಜು. ಆಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಕಾಳೊಂದು ಕಪ್ಪಗೆ ಕಾಣುತ್ತದೆ. ಒದ್ದೆ ಬೆರಳ ತುದಿಗೆ ಅಂಟಿಸಿಕೊಂಡು ಬೆಳಕಿಗೆ ಹಿಡಿದರೆ ಒಳಗೆ ದಾಳಿಂಬೆಯ ಕೆಂಪು ಹೊತ್ತಿಕೊಳ್ಳುತ್ತದೆ. ನನ್ನ ಮಗ ಮೊದಲನೆಯದನ್ನು ಕಂಡಾಗ ಉಸಿರು ಬಿಡಲೂ ಹೆದರಿದ್ದ, ಹಾರಿ ಹೋಗುತ್ತದೆಂದು. ಒಂದೆರಡು ಕಾಳು ಸಾಕು. ಸುತ್ತಿಗೆ ಹಿಡಿದು ಬಂಡೆ ಒಡೆಯುವವರನ್ನು ಕಂಡಿದ್ದೇನೆ, ದಯವಿಟ್ಟು ಆ ಕೆಲಸ ಬೇಡ.

ಅದೇ ಊರಿನಲ್ಲಿ, ಶಿಪ್ ಇನ್ ಎಂಬ ಹೋಟೆಲಿನ ಮುಂದೆ, ನೀರು ಇಳಿದಾಗ ಮರಳ ಮೇಲೆ ಕ್ರಿಕೆಟ್ ಪಂದ್ಯ ನಡೆಯುತ್ತದೆ. ಹೋಟೆಲಿನದೇ ತಂಡ. ಪಂದ್ಯದ ಸಮಯವನ್ನು ಸಮುದ್ರವೇ ಗೊತ್ತುಮಾಡುತ್ತದೆ. ನೀವಿರುವ ವಾರ ಪಂದ್ಯವಿದೆಯೇ ಎಂದು ವಿಚಾರಿಸಿಕೊಳ್ಳಿ, ಮಗ ಅಲ್ಲಿಂದ ಕದಲುವುದಿಲ್ಲ.

ಇನ್ನು ನಿಮ್ಮ ಅತ್ತೆಯವರು. ಪಿಟನ್‌ವೀಮ್‌ನ ಓಣಿಗಳು ಬಂದರಿನಿಂದ ಕಡಿದಾಗಿ ಮೇಲೇರುತ್ತವೆ. ಕಾಟೇಜ್ ಬಂದರಿನ ಮಟ್ಟದಲ್ಲಿದೆಯೋ ಮೇಲಿನ ಬೀದಿಯಲ್ಲಿದೆಯೋ, ಒಳಗೆ ಮಲಗುವ ಕೋಣೆಗೆ ಮೆಟ್ಟಿಲು ಹತ್ತಬೇಕೋ ಎಂದು ತಂಗಿಗೆ ಈಗಲೇ ಕೇಳಲು ಹೇಳಿ. ಆ ಹಳೆಯ ಮನೆಗಳ ಮೆಟ್ಟಿಲು ಬಲು ಕಿರಿದು. ಮೇ ದ್ವೀಪದಲ್ಲಿ ದೋಣಿಯಿಂದ ಇಳಿದ ಮೇಲೆ ಏರುದಾರಿ ಇದೆ, ಅವರಿಗೆ ಅದು ಕಷ್ಟ. ಆ ದಿನ ತಂಗಿ ಅವರನ್ನು ಆನ್‌ಸ್ಟ್ರಥರ್‌ನ ಸ್ಕಾಟಿಷ್ ಮೀನುಗಾರಿಕೆ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಲಿ. 1969ರಿಂದ ಇದೆ, ಬಂದರಿನ ಎದುರೇ. ಹೆರಿಂಗ್ ಮೀನಿನ ಕಾಲದಲ್ಲಿ ಊರಿಂದೂರಿಗೆ ದೋಣಿಗಳ ಹಿಂದೆಯೇ ಹೋಗಿ, ಬೆರಳಿಗೆ ಬಟ್ಟೆ ಸುತ್ತಿಕೊಂಡು ಮೀನು ಸೀಳಿ ಉಪ್ಪು ಹಾಕುತ್ತಿದ್ದ ಹೆಣ್ಣುಮಕ್ಕಳ ಬದುಕನ್ನು ಅಲ್ಲಿ ಇಟ್ಟಿದ್ದಾರೆ. ನನ್ನ ಅಮ್ಮ ಬಂದಿದ್ದಾಗ ಅದರ ಮುಂದೆ ಬಹಳ ಹೊತ್ತು ನಿಂತು, 'ನಮ್ಮ ಮೊಗವೀರ ಹೆಂಗಸರ ಹಾಗೆಯೇ' ಎಂದಿದ್ದರು.

ಸೇಂಟ್ ಮೋನನ್ಸ್ ಚರ್ಚು ಎರಡನೆಯ ಡೇವಿಡ್ ದೊರೆ ಹದಿನಾಲ್ಕನೆಯ ಶತಮಾನದಲ್ಲಿ ಕಟ್ಟಿಸಿದ್ದು. ಒಳಗೆ ಛಾವಣಿಯಿಂದ ಹಡಗಿನ ಮಾದರಿ ತೂಗುತ್ತದೆ, ಹೊರಗೆ ಕೂತರೆ ಸಮುದ್ರವೇ. ಭಾನುವಾರ ಸೇಂಟ್ ಆಂಡ್ರೂಸ್‌ಗೆ ಹೋಗಿ. ಜಗತ್ತಿನ ಅತ್ಯಂತ ಹೆಸರಾದ ಗಾಲ್ಫ್ ಮೈದಾನ ಓಲ್ಡ್ ಕೋರ್ಸ್‌ನಲ್ಲಿ ಭಾನುವಾರ ಸಾಮಾನ್ಯವಾಗಿ ಆಟವಿಲ್ಲ, ಊರಿನವರೆಲ್ಲ ಅಲ್ಲಿ ಅಡ್ಡಾಡುತ್ತಾರೆ. ಸಮತಟ್ಟಾದ ಹುಲ್ಲು, ಮಂಡಿಗೆ ಹಿತ. 1318ರಲ್ಲಿ ಪ್ರತಿಷ್ಠೆಯಾದ ದೊಡ್ಡ ಕೆಥೆಡ್ರಲಿನ ಪಾಳು ಅದೇ ಊರಿನಲ್ಲಿದೆ.

ಜುಲೈ ಆದರೂ ಸ್ವೆಟರು, ಗಾಳಿ ತಡೆಯುವ ಕೋಟು ಇರಲೇಬೇಕು. ಬಿಸಿಲಿರುವ ಬೆಳಗ್ಗೆಯೇ ಸಮುದ್ರದಿಂದ 'ಹಾರ್' ಎಂಬ ಮಂಜು ಎದ್ದು ಹತ್ತು ನಿಮಿಷದಲ್ಲಿ ಬಂದರನ್ನು ನುಂಗುತ್ತದೆ. ಮೈಲಿ ಒಳಗೆ ಹೋದರೆ ಮತ್ತೆ ಬಿಸಿಲು. ಅಂಥ ದಿನ ಬೇಸರಪಡದೆ ಒಳನಾಡಿನ ಸ್ಟ್ರಾಬೆರಿ ತೋಟಕ್ಕೆ ಹೋಗಿ ನೀವೇ ಕಿತ್ತುಕೊಳ್ಳಿ, ಕಾಲವೂ ಅದೇ.

ಪ್ರಶ್ನೆ: ನಾವು ಸಂಪೂರ್ಣ ಸಸ್ಯಾಹಾರಿಗಳು. ಮೀನಿನ ಊರಿನಲ್ಲಿ ಒಂದು ವಾರ ಹೇಗೆ ಕಳೆಯುವುದು?
– ಓದುಗರು, ದಾವಣಗೆರೆ

ಉತ್ತರ: ಕಾಟೇಜಿನಲ್ಲಿ ಅಡುಗೆಮನೆ ಇರುತ್ತದೆ, ಹೋಟೆಲಿಗಿಂತ ನಿಮಗೆ ಅದೇ ಅನುಕೂಲ. ಅಕ್ಕಿ, ಬೇಳೆ, ತರಕಾರಿ, ಮೊಸರು ಎಲ್ಲವೂ ಆನ್‌ಸ್ಟ್ರಥರ್‌ನಲ್ಲಿ ಸಿಗುತ್ತವೆ. ಫೈಫ್‌ನ ಹೊಸ ಆಲೂಗಡ್ಡೆಯನ್ನು ಸಿಪ್ಪೆ ಸಹಿತ ಬೇಯಿಸಿ ಒಗ್ಗರಣೆ ಹಾಕಿ ನೋಡಿ. ಸಾರಿನಪುಡಿ, ಚಟ್ನಿಪುಡಿ, ಇಂಗು ಒಯ್ಯಿರಿ. ತುಪ್ಪ, ಪೇಡೆ ಮೊದಲಾದ ಹಾಲಿನ ಪದಾರ್ಥ, ಹಸಿ ಕರಿಬೇವು ಒಯ್ಯಬೇಡಿ. ಭಾರತದಿಂದ ತರಲು ಅಲ್ಲಿ ಅನುಮತಿ ಇಲ್ಲ, ವಿಮಾನ ನಿಲ್ದಾಣದಲ್ಲೇ ತೆಗೆದಿಡುತ್ತಾರೆ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಮೀನಂಗಡಿಯಲ್ಲಿ 'ಬರೀ ಚಿಪ್ಸ್ ಕೊಡಿ' ಎಂದರೆ ಅದು ಸಸ್ಯಾಹಾರವಾಗುತ್ತದೆ ಎಂದುಕೊಳ್ಳಬೇಡಿ. ಆ ದೇಶದ ಬಹಳಷ್ಟು ಅಂಗಡಿಗಳಲ್ಲಿ ಕರಿಯುವುದು ದನದ ಕೊಬ್ಬಿನಲ್ಲಿ. ಸಸ್ಯದ ಎಣ್ಣೆಯೇ, ಮೀನು ಕರಿದ ಬಾಣಲೆಯೇ ಎಂದು ಕೌಂಟರಿನಲ್ಲಿ ಕೇಳಿ. ಯಾರೂ ಬೇಸರಿಸಿಕೊಳ್ಳುವುದಿಲ್ಲ, ನೇರವಾಗಿ ಹೇಳುತ್ತಾರೆ. ನಮ್ಮವರು ಎಷ್ಟೋ ಜನ ವರ್ಷಗಟ್ಟಲೆ ತಿಳಿಯದೆ ತಿಂದು, ಆಮೇಲೆ ಸಂಕಟಪಟ್ಟದ್ದನ್ನು ನೋಡಿದ್ದೇನೆ. ಚೀಸ್ ಕೊಳ್ಳುವಾಗಲೂ ಪೊಟ್ಟಣದ ಮೇಲೆ ಸಸ್ಯಾಹಾರದ ಗುರುತು ನೋಡಿ.

ಪ್ರಶ್ನೆ: ಗ್ಲಾಸ್ಗೋದಲ್ಲಿ ಓದುತ್ತಿದ್ದೇನೆ. ಅಕ್ಟೋಬರಿನಲ್ಲಿ ಮೂವರು ಗೆಳತಿಯರು ಸೇರಿ ಆ ಕಡೆ ಮೂರು ದಿನ ಹೋಗಬೇಕೆಂದಿದ್ದೇವೆ. ಕಾರಿಲ್ಲ, ದುಡ್ಡೂ ಕಡಿಮೆ.
– ವಿದ್ಯಾರ್ಥಿನಿ, ಮೂಲ ಊರು ಸಾಗರ

ಉತ್ತರ: ಹೋಗಿ ಮಗಳೇ, ಅಕ್ಟೋಬರಿನಲ್ಲಿ ಮನೆ ಬಾಡಿಗೆಯೂ ಇಳಿದಿರುತ್ತದೆ. 2024ರ ಜೂನ್‌ನಿಂದ ಲೆವೆನ್ ಪಟ್ಟಣಕ್ಕೆ ಮತ್ತೆ ರೈಲು ಬಂದಿದೆ. ಎಡಿನ್‌ಬರೋದಲ್ಲಿ ಹತ್ತಿ ಅಲ್ಲಿಗೆ ಹೋದರೆ, ಮುಂದೆ ಊರೂರು ಹಿಡಿದು ಸಾಗುವ ಬಸ್ ಸಿಗುತ್ತದೆ. ನಿಮಗೆ ಇನ್ನೂ ಇಪ್ಪತ್ತೆರಡು ತುಂಬದಿದ್ದರೆ, ಸ್ಕಾಟ್ಲೆಂಡಿನಲ್ಲೇ ವಾಸವಿರುವುದರಿಂದ ಬಸ್ ಉಚಿತ. ಅದರ ಕಾರ್ಡು ಮೊದಲೇ ಮಾಡಿಸಿಕೊಳ್ಳಿ.

ಆ ಹೊತ್ತಿಗೆ ಮೇ ದ್ವೀಪ ಮುಚ್ಚಿರುತ್ತದೆ. ಪಫಿನ್‌ಗಳೂ ಇಲ್ಲ. ಆದರೆ ನಡೆಯಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಫೈಫ್ ಕರಾವಳಿ ದಾರಿ ಒಟ್ಟು 117 ಮೈಲಿ. ನಿಮಗೆ ಈಲಿಯಿಂದ ಕ್ರೇಲ್‌ವರೆಗಿನ ಹನ್ನೊಂದು ಮೈಲಿ ಸಾಕು, ಎರಡು ದಿನಕ್ಕೆ ಹಂಚಿಕೊಳ್ಳಿ. ಸೇಂಟ್ ಮೋನನ್ಸ್ ದಾಟಿದ ಮೇಲೆ ಒಂದು ಗಾಳಿಗಿರಣಿ ಕಾಣುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಸಮುದ್ರದ ನೀರೆತ್ತಿ, ಕಲ್ಲಿದ್ದಲಿನ ಬೆಂಕಿಯ ಮೇಲೆ ಕಾಯಿಸಿ ಉಪ್ಪು ತೆಗೆಯುತ್ತಿದ್ದ ಜಾಗ. ಗೋಕರ್ಣದ ಸಾಣಿಕಟ್ಟದಲ್ಲಿ ಬಿಸಿಲು ಪುಕ್ಕಟೆಯಾಗಿ ಮಾಡುವ ಕೆಲಸಕ್ಕೆ ಅಲ್ಲಿ ಗಣಿಯೇ ಬೇಕಾಗಿತ್ತು. ಆನ್‌ಸ್ಟ್ರಥರ್ ಮತ್ತು ಕ್ರೇಲ್ ನಡುವೆ ಕೇಪ್ಲಿ ಗುಹೆಗಳಿವೆ. ಕಿತ್ತಳೆ ಬಣ್ಣದ ಮರಳುಗಲ್ಲು ಗಾಳಿಗೆ ಸವೆದು ಸವೆದು ಜಾಲರಿಯಂತಾಗಿದೆ, ಒಳಗೋಡೆಯಲ್ಲಿ ಹಿಂದಿನ ಕ್ರೈಸ್ತ ಯಾತ್ರಿಕರು ಕೊರೆದ ಶಿಲುಬೆಗಳಿವೆ. ನಾನು ಹೋದಾಗ ಅಲ್ಲಿ ಯಾರೂ ಇರಲಿಲ್ಲ. ಮೇಲೆ ಕಾಡುಬಾತುಗಳ ಸಾಲು ಕೂಗುತ್ತ ಹೋಗುತ್ತಿತ್ತು.

ಕತ್ತಲು ಬೇಗ ಆಗುತ್ತದೆ. ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ, ಅಂದಿನಿಂದ ಸಂಜೆ ಐದಕ್ಕೇ ದಾರಿ ಕಾಣುವುದಿಲ್ಲ. ಬೆಳಗ್ಗೆಯೇ ಹೊರಡಿ. ಮನೆ ಹಿಡಿಯುವಾಗ ಜಾಹೀರಾತಿನಲ್ಲಿ ಪರವಾನಗಿ ಸಂಖ್ಯೆ ಇದೆಯೇ ನೋಡಿ. ಸ್ಕಾಟ್ಲೆಂಡಿನಲ್ಲಿ ಹೀಗೆ ಮನೆ ಬಾಡಿಗೆಗೆ ಕೊಡುವವರಿಗೆ ಅದು ಕಡ್ಡಾಯ.

ಪ್ರಶ್ನೆ: ಇತಿಹಾಸ ಶಿಕ್ಷಕ. ಮಗನ ಜೊತೆ ಫೈಫ್‌ಗೆ ಹೋಗುತ್ತಿದ್ದೇನೆ. ನಮ್ಮ ನಾಡಿಗೂ ಆ ಸೀಮೆಗೂ ಏನಾದರೂ ನಂಟಿದೆಯೇ?
– ಓದುಗರು, ಮಂಡ್ಯ

ಉತ್ತರ: ನಿಮ್ಮ ಮನೆಯ ಹತ್ತಿರದ್ದೇ ನಂಟು. ಚಿತ್ರಕಾರ ಡೇವಿಡ್ ವಿಲ್ಕಿ 1785ರಲ್ಲಿ ಹುಟ್ಟಿದ್ದು ಫೈಫ್‌ನ ಒಳನಾಡಿನ ಕಲ್ಟ್ಸ್‌ನಲ್ಲಿ, ಪಾದ್ರಿಯ ಮಗನಾಗಿ. 1799ರ ಮೇ 4ರ ರಾತ್ರಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ದೇಹವನ್ನು ಜನರಲ್ ಬೇರ್ಡ್ ಕಂಡ ದೃಶ್ಯವನ್ನು ಆಳೆತ್ತರಕ್ಕಿಂತ ದೊಡ್ಡದಾಗಿ ಬರೆದವನು ಇವನೇ. ಆ ಚಿತ್ರ ಸ್ಕಾಟ್ಲೆಂಡಿನ ರಾಷ್ಟ್ರೀಯ ಸಂಗ್ರಹಕ್ಕೆ ಸೇರಿದೆ. ಬೇರ್ಡ್ ಸ್ವತಃ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕು ಶ್ರೀರಂಗಪಟ್ಟಣದಲ್ಲೇ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಬಂದಿಯಾಗಿದ್ದವನು. ವಿಲ್ಕಿ ನಮ್ಮ ಊರನ್ನು ಕಂಡವನಲ್ಲ. ಗೆದ್ದವರ ಕಣ್ಣಿನಿಂದ ಬರೆದ ಚಿತ್ರ ಅದು, ಹಾಗೆಂದೇ ನೋಡಬೇಕು. ಕೋಟೆಯ ಒಳಗೆ ಆ ಜಾಗದಲ್ಲಿ ನಿಂತು ಬಂದ ನಿಮ್ಮಂಥವರು ಅವನು ಹುಟ್ಟಿದ ಊರಿನ ಶಾಂತವಾದ ಗದ್ದೆಗಳ ನಡುವೆ ನಿಂತರೆ ಮನಸ್ಸಿಗೆ ಹೇಗಾಗುತ್ತದೆಂದು ನನಗೆ ಬರೆಯಿರಿ.

ಪ್ರಶ್ನೆ: ಈಲಿಯಲ್ಲಿ ಬಂಡೆಗೆ ಕಟ್ಟಿದ ಸರಪಳಿ ಹಿಡಿದು ಹತ್ತುವ ದಾರಿ ಇದೆಯಂತೆ. ಸಾವನದುರ್ಗ ಹತ್ತಿದ ನಮಗೆ ಅದು ಸುಲಭವೇ?
– ಓದುಗರು, ಬೆಂಗಳೂರು

ಉತ್ತರ: ಕೈಕಾಲಿನ ಬಲದ ಮಟ್ಟಿಗೆ ಸುಲಭ. ಕಿನ್‌ಕ್ರೇಗ್ ಬಂಡೆಗಳ ಬುಡದಲ್ಲಿ ಎಂಟು ಸರಪಳಿಗಳಿವೆ. ಕೆಲವು ಅಡ್ಡ ಸಾಗಲು, ಕೆಲವು ನೆಟ್ಟಗೆ ಹತ್ತಲು. ಆದರೆ ಸಾವನದುರ್ಗದಲ್ಲಿ ಸುಸ್ತಾದರೆ ಕೂತು ನೀರು ಕುಡಿಯಬಹುದು. ಇಲ್ಲಿ ಕೂತರೆ ನೀರೇ ನಿಮ್ಮ ಬಳಿಗೆ ಬರುತ್ತದೆ. ಹಿಂದೆ ಬಂಡೆ, ಮುಂದೆ ಸಮುದ್ರ. ಹೊತ್ತು ತಪ್ಪಿ ಸಿಕ್ಕಿಕೊಂಡವರನ್ನು ಜೀವರಕ್ಷಕ ದೋಣಿಯವರು ಮತ್ತೆ ಮತ್ತೆ ಹೋಗಿ ಕರೆತಂದಿದ್ದಾರೆ. ಆ ದೋಣಿಯಲ್ಲಿ ಬರುವವರಲ್ಲಿ ಹೆಚ್ಚಿನವರು ಊರಿನ ಸ್ವಯಂಸೇವಕರು, ಮನೆಯ ಊಟ ಬಿಟ್ಟು ಎದ್ದು ಬರುವವರು.

ನೀರು ಇನ್ನೂ ಇಳಿಯುತ್ತಿರುವಾಗಲೇ ಶುರು ಮಾಡಿ, ಪೂರ್ತಿ ಇಳಿತಕ್ಕೆ ಮುಂಚೆ ಮುಗಿಸುವಂತೆ ನೋಡಿಕೊಳ್ಳಿ. ಹಿಂದಿನ ದಿನ ಬಿರುಗಾಳಿ ಇದ್ದರೆ, ಅಲೆ ಎತ್ತರವಿದ್ದರೆ ಬೇಡವೇ ಬೇಡ. ಪಾಚಿಯ ಮೇಲೆ ಚಪ್ಪಲಿ ನಿಲ್ಲುವುದಿಲ್ಲ, ಹಿಡಿತವಿರುವ ಶೂ ಬೇಕು. ಸರಪಳಿ ಒದ್ದೆಯಾಗಿ ತಣ್ಣಗಿರುತ್ತದೆ, ಕೈಗವಸು ಒಳ್ಳೆಯದು. ಎಷ್ಟು ಹೊತ್ತಿಗೆ ಮರಳುತ್ತೀರೆಂದು ಕಾಟೇಜಿನಲ್ಲಿ ಉಳಿದವರಿಗೆ ಹೇಳಿ ಹೋಗಿ. ಸಿಕ್ಕಿಕೊಂಡರೆ ಈಜಲು ಹೋಗಬೇಡಿ, ಬೇಸಿಗೆಯಲ್ಲೂ ಆ ನೀರು ಹದಿನೈದು ಡಿಗ್ರಿಯ ಆಸುಪಾಸಿನದು. ಎಷ್ಟು ಎತ್ತರಕ್ಕೆ ಸಾಧ್ಯವೋ ಅಷ್ಟು ಹತ್ತಿ ನಿಂತು 999ಕ್ಕೆ ಕರೆ ಮಾಡಿ, ಕೋಸ್ಟ್‌ಗಾರ್ಡ್ ಬೇಕು ಎಂದು ಹೇಳಿ.